ಹೋರಿಯ ಹೊಟ್ಟೆ ಕೆಳಗಿನ ಫೋಟೋ

ನನ್ನ ಫೋನಿನಲ್ಲಿ ಮೊಮ್ಮಗಳ ಫೋಟೋಗಳಿಗಿಂತ ಹೋರಿಗಳ ಹೊಟ್ಟೆ ಕೆಳಗಿನ ಫೋಟೋಗಳೇ ಜಾಸ್ತಿ. ಒಂದು ದಿನ ನಮ್ಮ ಮನೆಯವಳು ಗ್ಯಾಲರಿ ತೆರೆದವಳು, "ಏನ್ರೀ ಇದು, ಥೂ" ಅಂದು ಫೋನನ್ನು ಹಾಗೇ ಕವುಚಿಟ್ಟಳು. ಪಶುವೈದ್ಯನ ಫೋನು ಅಂದರೆ ಹಾಗೇನೇ, ರಿಟೈರ್ ಆದರೂ ತಪ್ಪಲ್ಲ.

ಎರಡು ವರ್ಷದ ಹಿಂದಿನ ಮಾತು. ಮಳೆ ಹಿಡಿದು ಹದಿನೈದು ದಿನ ಆಗಿತ್ತು. ನೆಲಮಂಗಲದ ಆಚೆ ತೋಟ ಮಾಡಿಕೊಂಡಿರುವ ಹುಡುಗನೊಬ್ಬ ಫೋನ್ ಮಾಡಿದ. ಹುಡುಗ ಅಂದರೆ ನನ್ನ ಮಗನ ವಯಸ್ಸು. ಕಂಪ್ಯೂಟರ್ ಕೆಲಸ ಬಿಟ್ಟು ಎಂಟು ಗೀರ್ ಹಸು, ಒಂದು ಗೀರ್ ಹೋರಿ ತಂದು ಕಟ್ಟಿದ್ದಾನೆ. "ಸಾರ್, ನಮ್ಮ ಹೋರಿಗೆ... ಅದೇ... ಕೆಳಗಡೆ ಏನೋ ಊದಿದೆ" ಅಂದ. ಕೆಳಗಡೆ ಅಂದರೆ ಎಲ್ಲಪ್ಪಾ, ಗೊರಸಾ? ಮೊಣಕಾಲಾ? ಮೂರು ಸಲ ಕೇಳಿದ ಮೇಲೆ "ಉಚ್ಚೆ ಹೊಯ್ಯೋ ಕಡೆ" ಅಂದ. ಈ ನಾಚಿಕೆ ಇದೆಯಲ್ಲ, ಇದರಿಂದಲೇ ಅರ್ಧ ಹೋರಿಗಳು ಕೆಡುತ್ತವೆ. ಕೆಚ್ಚಲು ಊದಿದರೆ ಅದೇ ದಿನ ಫೋನ್ ಬರುತ್ತೆ. ಇದಕ್ಕೆ ನಾಲ್ಕು ದಿನ ಕಾದು, ಅರಿಶಿನ ಹಚ್ಚಿ, ಯಾರೋ ಹೇಳಿದರು ಅಂತ ಫಿನೈಲ್ ಕೂಡ ಸುರಿದು, ಆಮೇಲೆ ಡಾಕ್ಟರು. ಪಾಪ, ಫಿನೈಲ್! ಬಾಯೊಳಗಿನ ತೊಗಲಷ್ಟೇ ಮೆತ್ತಗಿರುವ ಜಾಗ ಅದು.

ಫೋಟೋ ಕಳಿಸು ಅಂದೆ. ಕಳಿಸಿದ. ಹೊಟ್ಟೆಯ ಕೆಳಗೆ ಚಿಕ್ಕ ಸೋರೆಕಾಯಿ ನೇತು ಹಾಕಿದ ಹಾಗೆ ಕೆಂಪಗೆ ಏನೋ ಜೋತಿತ್ತು. ತುದಿ ಒಣಗಿ ಕಪ್ಪಾಗಿತ್ತು. ಸುತ್ತ ನೊಣ.

ಇಲ್ಲಿ ಸ್ವಲ್ಪ ಒಳಗಿನ ರಚನೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗಲ್ಲ. ಹೋರಿಯ ಶಿಶ್ನ ಎಳೆದು ಅಳೆದರೆ ಸುಮಾರು 90 ಸೆಂಟಿಮೀಟರ್ ಇರುತ್ತೆ. ಅಷ್ಟೂ ಹೊರಗಿರಲ್ಲ, ವೃಷಣದ ಹಿಂದೆ ಇಂಗ್ಲಿಷ್ ಎಸ್ ಅಕ್ಷರದ ಹಾಗೆ ಮಡಿಸಿಕೊಂಡು ಒಳಗೆ ಕೂತಿರುತ್ತೆ. ಹಸುವಿನ ಮೇಲೆ ಹಾರುವಾಗ ಆ ಮಡಿಕೆ ಬಿಚ್ಚುತ್ತೆ, ಮುಗಿದ ತಕ್ಷಣ ಒಂದು ಜೊತೆ ಸ್ನಾಯು ಅದನ್ನು ವಾಪಸ್ ಎಳೆದುಕೊಳ್ಳುತ್ತೆ. ಈ ತುದಿ ಕೂತಿರುವ ಚೀಲವೇ ಮುಂದೊಗಲು. ಹೊರಗೆ ಕೂದಲಿರುವ ಸಾಮಾನ್ಯ ಚರ್ಮ, ಒಳಗೆ ಕೂದಲಿಲ್ಲದ ನುಣುಪಾದ ಪದರ. ಶಿಶ್ನ ಹೊರಗೆ ಬಂದಾಗ ಒಳಪದರ ಕಾಲುಚೀಲ ಮಗುಚಿದ ಹಾಗೆ ಹೊರಳಿ ಅದರ ಮೈಗೆ ಅಂಟಿಕೊಂಡೇ ಚಾಚುತ್ತೆ. ಅಂದರೆ ಅಲ್ಲಿರುವ ಸಡಿಲ ತೊಗಲು ಸುಮ್ನೆ ಇರುವ ತೊಗಲಲ್ಲ, ಚಾಚಲು ಬೇಕಾದ ತೊಗಲು. ಈ ಮಾತು ನೆನಪಿಟ್ಟುಕೊಳ್ಳಿ. ನಾನು ಇದನ್ನು ಕಲಿತದ್ದು ಒಂದು ಹೋರಿಯನ್ನು ಹಾಳು ಮಾಡಿದ ಮೇಲೆ. ಆ ಕತೆ ಆಮೇಲೆ.

ನಾನು ಕೆಲಸ ಮಾಡಿದ್ದು ತುಮಕೂರು, ಮಂಡ್ಯ ಕಡೆ. ಹಳ್ಳಿಕಾರ್ ಸೀಮೆ. ಹಳ್ಳಿಕಾರ್ ಹೋರಿಯ ಹೊಟ್ಟೆ ಕೆಳಗೆ ನೋಡಿದರೆ ಅಲ್ಲಿ ಜೋಲು ಅನ್ನುವುದೇ ಇಲ್ಲ. ಮುಂದೊಗಲು ಚಿಕ್ಕದು, ಹೊಟ್ಟೆಗೆ ಅಂಟಿಕೊಂಡಿರುತ್ತೆ. ಅಮೃತಮಹಲ್ ಕೂಡ ಹಾಗೇ. ಓಡಲು, ಗಾಡಿ ಎಳೆಯಲು ಕಡೆದಿಟ್ಟ ಮೈ ಅವು. ಹಾಗಾಗಿ ಸರ್ವಿಸ್‌ನಲ್ಲಿ ಈ ತೊಂದರೆ ನನಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು. ಗೀರ್, ಸಾಹಿವಾಲ್, ಸಿಂಧಿ ಹಾಗಲ್ಲ. ಕತ್ತಿನ ಕೆಳಗಿನ ಗಂಗೆದೊಗಲು ಜೋಲು, ಹೊಕ್ಕುಳ ಕಡೆಯ ಚರ್ಮ ಜೋಲು, ಮುಂದೊಗಲೂ ಜೋಲು. ನೋಡಲು ಚಂದ, ನಾನೂ ಒಪ್ಪುತ್ತೇನೆ. ಈಗ ಬೆಂಗಳೂರು ಸುತ್ತಮುತ್ತ ದೇಸಿ ಹಾಲು, ದೇಸಿ ತುಪ್ಪ ಅಂತ ಗೀರ್ ಕಟ್ಟುವವರು ಜಾಸ್ತಿ ಆದರಲ್ಲ, ಆ ಹೋರಿಗಳ ಜೊತೆಗೆ ಈ ತೊಂದರೆಯೂ ಸೌರಾಷ್ಟ್ರದಿಂದ ಲಾರಿ ಹತ್ತಿ ಬಂತು.

ಇದು ಬರೀ ನಮ್ಮ ಕಥೆಯೂ ಅಲ್ಲ. ಅಮೆರಿಕದವರು ನಮ್ಮ ಗೀರ್, ಕಾಂಕ್ರೇಜ್, ಓಂಗೋಲ್, ಕೃಷ್ಣಾ ತೀರದ ದನ ಎಲ್ಲ ಬೆರೆಸಿ ಬ್ರಾಹ್ಮನ್ ಅಂತ ತಳಿ ಮಾಡಿಕೊಂಡರು. ಅದರಿಂದ ಟೆಕ್ಸಾಸ್‌ನಲ್ಲಿ ಸಾಂತಾ ಗರ್ಟ್ರುಡಿಸ್ ಅನ್ನುವ ಇನ್ನೊಂದು ತಳಿ ಬಂತು. ಬಿಸಿಲು ತಡೆಯುತ್ತೆ, ಉಣ್ಣಿ ತಡೆಯುತ್ತೆ ಅಂತ ತೆಗೆದುಕೊಂಡ ರಕ್ತದ ಜೊತೆ ಈ ಜೋಲೂ ಹೋಯಿತು. ಅಲ್ಲಿಯೂ, ಉತ್ತರ ಆಸ್ಟ್ರೇಲಿಯಾದಲ್ಲೂ ಹೋರಿ ಕೊಳ್ಳುವಾಗ ಮುಂದೊಗಲು ಎಷ್ಟು ಜೋತಿದೆ ಅಂತ ನೋಡಿ ಅಂಕ ಹಾಕುವ ಪದ್ಧತಿ ಇದೆ. ನಮ್ಮವರು ಕೊಂಬು ನೋಡುತ್ತಾರೆ, ಹಣೆ ನೋಡುತ್ತಾರೆ, ಕಿವಿ ಎಷ್ಟುದ್ದ ಅಂತ ಅಳೆಯುತ್ತಾರೆ. ಬಗ್ಗಿ ಹೊಟ್ಟೆ ಕೆಳಗೆ ನೋಡುವವರು ಕಡಿಮೆ.

ತೋಟಕ್ಕೆ ಹೋದೆ. ಹೋರಿಗೆ ಐದು ವರ್ಷ, ಒಳ್ಳೆ ಸ್ವಭಾವ. ಬೇಲಿಯಲ್ಲಿ ಲಂಟಾನ ಸವರಿ, ಮೊನಚು ಕೂಳೆಗಳನ್ನು ಹಾಗೇ ಬಿಟ್ಟಿದ್ದರು. ಜೋಲು ಮುಂದೊಗಲಿನ ಹೋರಿ ಅದರ ಮೇಲೆ ದಾಟಿದರೆ ಇನ್ನೇನಾಗುತ್ತೆ? ತುದಿಯಲ್ಲಿ ಗೀರಿತ್ತು. ಗೀರಿದ್ದು ಊದಿತು. ಊದಿದ್ದಕ್ಕೆ ಭಾರ ಬಂತು, ಭಾರಕ್ಕೆ ಒಳಪದರ ಇನ್ನಷ್ಟು ಹೊರಗೆ ಜಾರಿತು. ಜಾರಿದ್ದು ಒಣಗಿತು, ಒಡೆಯಿತು, ಮಲಗಿದಾಗ ನೆಲಕ್ಕೆ ಉಜ್ಜಿತು. ಮುಂದೊಗಲಿನ ಬಾಯಿಯ ಉಂಗುರ ಬಿಗಿಯಾಗಿ, ಕೆಳಗಿಳಿದ ರಕ್ತ ಮೇಲೆ ಹೋಗಲಾರದೆ ಮತ್ತೂ ಊದಿತು. ಇದೊಂದು ಗಾಣದ ಸುತ್ತು. ಎಲ್ಲಾದರೂ ಒಂದು ಕಡೆ ತಡೆದು ನಿಲ್ಲಿಸಬೇಕು.

ಮೊದಲು ನಾನು ನೋಡಿದ್ದು ಊತ ಎಲ್ಲಿದೆ ಅಂತ. ವೃಷಣದ ಸರಿ ಮುಂದೆ ಗಟ್ಟಿ ಗಡ್ಡೆ ಇದ್ದು, ಮುಂದೆ ತೊಗಲು ಜೋತಿದ್ದರೆ ಅದು ಬೇರೆಯೇ ಕಾಯಿಲೆ. ಹಾರುವಾಗ ಶಿಶ್ನದ ಗಟ್ಟಿ ಪೊರೆ ಒಡೆದು ರಕ್ತ ಹೆಪ್ಪುಗಟ್ಟಿರುತ್ತೆ, ತೊಗಲು ಜೋತದ್ದು ಅದರ ಬಾಲ ಅಷ್ಟೇ. ಅದಕ್ಕೆ ಕೀವು ಅಂತ ತಿಳಿದು ಸೂಜಿ ಚುಚ್ಚಿ ನೋಡಿದರೆ ಕತೆ ಮುಗಿಯಿತು, ಇಲ್ಲದ ಕೀವು ನಾವೇ ಮಾಡಿದಂತೆ. ಇಲ್ಲಿ ಹಾಗಿರಲಿಲ್ಲ. ಎಳೆ ಹೋರಿಗಳಲ್ಲಿ, ಒಂದರಿಂದ ಮೂರು ವರ್ಷದವುಗಳಲ್ಲಿ, ಹೂಕೋಸಿನ ಹಾಗೆ ನರುಳ್ಳೆ ಬೆಳೆದು ಶಿಶ್ನ ಒಳಗೆ ಹೋಗದೆ ನಿಲ್ಲುವುದುಂಟು. ಕೆಲವಕ್ಕೆ ಹುಟ್ಟಿನಿಂದಲೇ ತುದಿಯನ್ನು ಚರ್ಮಕ್ಕೆ ಕಟ್ಟಿ ಹಾಕಿದ ಹಾಗೆ ಒಂದು ಎಳೆ ಉಳಿದಿರುತ್ತೆ, ಅದನ್ನು ಕತ್ತರಿಸುವುದು ಐದು ನಿಮಿಷದ ಕೆಲಸ. ಅವು ಯಾವುದೂ ಅಲ್ಲ. ಹಳೆ ಗೀರು, ಹೊಸ ಊತ.

"ಡಾಕ್ಟ್ರೇ, ಕುಯ್ದು ಬಿಡಿ, ಇವತ್ತೇ ಕುಯ್ದು ಬಿಡಿ" ಅಂದರು ತೋಟದಲ್ಲಿ ದನ ನೋಡಿಕೊಳ್ಳುವ ಅಜ್ಜ. ಅವರಿಗೆ ಆ ಹೋರಿ ಅಂದರೆ ಜೀವ. ಅದರ ಒದ್ದಾಟ ನೋಡಲಾಗುತ್ತಿರಲಿಲ್ಲ.

ಅಜ್ಜಾ, ಇವತ್ತು ಕುಯ್ಯಲ್ಲ, ಹದಿನೈದು ದಿನ ಬಿಟ್ಟು ಮಾತಾಡೋಣ ಅಂದೆ. ಊದಿದ ತೊಗಲನ್ನು ಕೊಯ್ದರೆ ಯಾವುದು ಕೆಟ್ಟದ್ದು, ಯಾವುದು ನೀರು ತುಂಬಿದ ಒಳ್ಳೆಯದ್ದು ಅಂತ ಗೊತ್ತೇ ಆಗಲ್ಲ. ಹೊಲಿಗೆ ಹಾಕಿದರೆ ನೆನೆದ ಕಾಗದಕ್ಕೆ ಹೊಲಿದ ಹಾಗೆ ಕಿತ್ತು ಬರುತ್ತೆ. ಹಸಿ ಗಾಯ ಅಂತ ಅವತ್ತೇ ಹೊಲಿದರೂ ಅಷ್ಟೇ, ಒಳಗೆ ಕೊಳಕು ಉಳಿದು ಕೀವಾಗುತ್ತೆ.

ಈಗ ಆ ಹಳೆ ಕತೆ. ಕೆಲಸಕ್ಕೆ ಸೇರಿ ಮೂರನೆಯ ವರ್ಷ. ಊರಿನವರೆಲ್ಲ ಸೇರಿ ಸಾಕಿದ ಹೋರಿ, ಸುತ್ತಲ ನಾಲ್ಕು ಹಳ್ಳಿಗೆ ಅದೇ ಬೀಜದ ಹೋರಿ. ಇದೇ ತೊಂದರೆ. ನನಗೆ ಹುರುಪು. ಕೆಡವಿಸಿದೆ, ಜೋತಿದ್ದನ್ನೆಲ್ಲ ನೀಟಾಗಿ ತೆಗೆದೆ, ಹೊಲಿದೆ. ಗಾಯ ಎಷ್ಟು ಚೆನ್ನಾಗಿ ಮಾಯಿತು ಅಂದರೆ ಬಂದವರಿಗೆಲ್ಲ ತೋರಿಸಿದೆ. ಮೂರು ತಿಂಗಳಾದ ಮೇಲೆ ಬೆದೆಗೆ ಬಂದ ಹಸು ತಂದರು. ಹೋರಿ ಹಾರಿತು. ಇಳಿಯಿತು. ಮತ್ತೆ ಹಾರಿತು. ಬಂದದ್ದು ನಾಲ್ಕು ಬೆರಳು ಅಷ್ಟೇ, ಮುಂದೆ ಬರಲು ತೊಗಲೇ ಇಲ್ಲ. ನಾನು ಕತ್ತರಿಸಿ ಹಳ್ಳಕ್ಕೆ ಎಸೆದಿದ್ದೆನಲ್ಲ. ಅದು ಐದಾರು ಸಲ ಹಾರಿ, ಹಸುವಿನ ಪಕ್ಕ ತಲೆ ತಗ್ಗಿಸಿ ನಿಂತುಬಿಟ್ಟಿತು. ಊರಿನವರು ನನಗೆ ಒಂದು ಮಾತೂ ಅನ್ನಲಿಲ್ಲ, ಕಾಫಿ ಕೊಟ್ಟು ಕಳಿಸಿದರು. ಬೈದಿದ್ದರೆ ಚೆನ್ನಾಗಿತ್ತು.

ಅದಕ್ಕೇ ಈಗ ಕಾಯುತ್ತೇನೆ. ಗೀರ್ ಹೋರಿಗೆ ಮೊದಲ ದಿನ ಮಾಡಿದ್ದು ಇಷ್ಟೇ. ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಅಯೋಡಿನ್ ಔಷಧಿ ಹಾಕಿ ತೊಳೆದದ್ದು. ಮಡಿಕೆಯಲ್ಲಿ ಹುಳ ಬಿದ್ದಿತ್ತು, ಒಂದೊಂದೇ ಚಿಮಟಿಗೆಯಲ್ಲಿ ತೆಗೆದೆವು. ಕಾಲಿನ ಗಾಯಕ್ಕಾದರೆ ಟರ್ಪೆಂಟೈನ್ ಹಾಕಿ ಹುಳ ಹೊರಡಿಸುತ್ತೇವೆ, ಇಲ್ಲಿ ಅದನ್ನು ಮುಟ್ಟಿಸಬಾರದು, ಉರಿಗೆ ಹೋರಿ ಕಟ್ಟು ಕಿತ್ತೀತು. ಆಮೇಲೆ ಸಕ್ಕರೆ. ಹೌದು, ಅಡುಗೆಮನೆಯ ಸಕ್ಕರೆ. ಒಂದು ಕಿಲೋ ಸಕ್ಕರೆಯನ್ನು ಊತದ ಸುತ್ತ ಒತ್ತಿ, ಬಟ್ಟೆ ಸುತ್ತಿ ಅರ್ಧ ಗಂಟೆ ಹಿಡಿದರೆ ನೀರು ಎಳೆದುಕೊಂಡು ಊತ ಕಣ್ಣೆದುರೇ ಇಳಿಯುತ್ತೆ. ಕರು ಹಾಕಿದ ಹಸುವಿಗೆ ಗರ್ಭಕೋಶ ಹೊರಗೆ ಬಂದಾಗಲೂ ಇದನ್ನೇ ಮಾಡುತ್ತೇವೆ. ಊತ ಇಳಿದ ಮೇಲೆ ಮುಲಾಮು ಹಚ್ಚಿ, ಒಳಗೆ ಒಂದು ಮೆತ್ತನೆ ರಬ್ಬರ್ ಕೊಳವೆ ಇಟ್ಟು, ಅದರ ಮೇಲೆ ತೊಗಲನ್ನು ಒಳಗೆ ಸರಿಸಿ, ಅಂಟುಪಟ್ಟಿ ಸುತ್ತಿದೆ. ಕೊಳವೆ ಯಾಕೆ ಅಂದರೆ ಗಂಜಲ ಹೊರಗೆ ಹೋಗಬೇಕಲ್ವಾ. ಪಟ್ಟಿ ಸುತ್ತಿ ಅದನ್ನು ಮರೆತರೆ ಒಳಗೇ ಗಂಜಲ ನಿಂತು ಎಲ್ಲ ಬೆಂದು ಹೋಗುತ್ತೆ. ಕಡೆಗೆ ಗೋಣಿಚೀಲ ಕತ್ತರಿಸಿ ತೊಟ್ಟಿಲು ಮಾಡಿ ಬೆನ್ನ ಮೇಲಿಂದ ಕಟ್ಟಿ ಎತ್ತಿ ಹಿಡಿಸಿದೆವು. ಊತದ ದೊಡ್ಡ ಶತ್ರು ಭಾರ, ಅದನ್ನು ಮೇಲೆತ್ತಿದರೆ ಅರ್ಧ ಔಷಧಿ ಆದಂತೆ. ಎರಡು ಮೂರು ದಿನಕ್ಕೊಮ್ಮೆ ಪಟ್ಟಿ ಬಿಚ್ಚಿ ಮತ್ತೆ ಇದೇ ಕೆಲಸ. ಅಜ್ಜ ನನಗಿಂತ ಚೆನ್ನಾಗಿ ಕಲಿತರು.

ಇಷ್ಟರಲ್ಲೇ ವಾಸಿಯಾಗುವ ಹೋರಿಗಳೂ ಬಹಳ ಇವೆ. ಇದು ಅರ್ಧ ವಾಸಿ ಆಯಿತು. ಊತ ಹೋಯಿತು, ತುದಿಯ ಕಡೆ ಬಳೆಯ ಹಾಗೆ ಗಟ್ಟಿ ಕಲೆ ಉಳಿಯಿತು. ಕೈ ಹಾಕಿ ನೋಡಿದರೆ ಎರಡು ಬೆರಳು ಕಷ್ಟಪಟ್ಟು ಹೋಗುತ್ತಿತ್ತು. ಅಂದರೆ ಶಿಶ್ನ ಹೊರಗೆ ಬರಲು ದಾರಿಯಿಲ್ಲ, ಬಲವಂತಕ್ಕೆ ಬಂದರೆ ವಾಪಸ್ ಹೋಗಲು ದಾರಿಯಿಲ್ಲ. ಈಗ ಕೊಯ್ಯಬೇಕು.

ತೋಟದಲ್ಲಿ ಮಾಡುವ ಧೈರ್ಯ ನನಗೆ ಈಗಿಲ್ಲ. ಪಶುವೈದ್ಯ ಕಾಲೇಜೊಂದರಲ್ಲಿ ಸರ್ಜರಿ ಕಲಿಸುವ ನನ್ನ ಹಳೆಯ ಶಿಷ್ಯ ಇದ್ದಾನೆ, ಅಲ್ಲಿಗೆ ಕರೆದುಕೊಂಡು ಹೋದೆವು. ಹಿಂದಿನ ದಿನದಿಂದ ಮೇವು ಬಂದ್, ರಾತ್ರಿಯಿಂದ ನೀರೂ ಬಂದ್. ತುಂಬಿದ ಹೊಟ್ಟೆಯಲ್ಲಿ ಮಗ್ಗುಲಾಗಿ ಮಲಗಿಸಿದರೆ ಹೊಟ್ಟೆ ಉಬ್ಬುತ್ತೆ, ತಿಂದದ್ದು ಶ್ವಾಸಕೋಶಕ್ಕೆ ಇಳಿಯುವ ಭಯ ಬೇರೆ. ಮತ್ತಿನ ಔಷಧಿ ಜೈಲಜಿನ್ ದನಗಳಿಗೆ ಕುದುರೆಗೆ ಕೊಡುವುದರ ಹತ್ತರಲ್ಲಿ ಒಂದು ಭಾಗ ಸಾಕು, ಅದರಲ್ಲೂ ನಮ್ಮ ಡುಬ್ಬದ ದನಗಳಿಗೆ ಕೈ ಬಿಗಿ ಹಿಡಿದೇ ಕೊಡಬೇಕು. ಜೊತೆಗೆ ಸುತ್ತ ಮರಗಟ್ಟಿಸುವ ಲಿಗ್ನೊಕೇನ್. ಬಲ ಮಗ್ಗುಲಿಗೆ ಮಲಗಿಸಿ, ಭುಜದ ಕೆಳಗೆ ದಪ್ಪ ಹಾಸಿಗೆ. ಆರುನೂರು ಕಿಲೋ ಹೋರಿಯ ಮುಂಗಾಲಿನ ನರ ಗಟ್ಟಿ ನೆಲಕ್ಕೆ ಒತ್ತಿ ಸತ್ತರೆ, ಮುಂದೊಗಲು ಸರಿಹೋದರೂ ಕಾಲು ಎಳೆದುಕೊಂಡು ಮನೆಗೆ ಹೋಗುತ್ತೆ.

ಶಿಶ್ನವನ್ನು ಮೆಲ್ಲಗೆ ಪೂರ್ತಿ ಹೊರಗೆಳೆದು, ಬುಡಕ್ಕೆ ರಬ್ಬರ್ ಪಟ್ಟಿ ಬಿಗಿದು ರಕ್ತ ನಿಲ್ಲಿಸಿದರು. ಪೂರ್ತಿ ಎಳೆದಾಗಲೇ ಗೊತ್ತಾಗುವುದು, ಎಷ್ಟು ತೊಗಲು ಬೇಕು, ಎಷ್ಟು ಹೆಚ್ಚಿದೆ ಅಂತ. ಆವತ್ತು ನಾನು ಮಾಡದೆ ಬಿಟ್ಟದ್ದು ಇದನ್ನೇ, ಒಳಗಿರುವಾಗಲೇ ಜೋತದ್ದನ್ನು ಅಳೆದಿದ್ದೆ. ನನ್ನ ಶಿಷ್ಯ ಕಲೆಯ ಆಚೆ ಒಂದು ಸುತ್ತು, ಈಚೆ ಒಂದು ಸುತ್ತು ಗುರುತು ಹಾಕಿದ. ಕೊಯ್ಯುವ ಮೊದಲು ಮೇಲೆ, ಕೆಳಗೆ, ಅಕ್ಕಪಕ್ಕ ಒಂದೊಂದು ಗುರುತಿನ ದಾರ. ಮೇಲಿನದು ಮೇಲಕ್ಕೇ ಸೇರಬೇಕು. ಎರಡು ಬೆರಳು ತಿರುಗಿ ಸೇರಿದರೂ ಚಾಚುವಾಗ ತಿರುಚಿಕೊಳ್ಳುತ್ತೆ. ಎರಡು ಗುರುತಿನ ನಡುವಿನ ಕಲೆ ತೊಗಲನ್ನು ಉಂಗುರದ ಹಾಗೆ ಬಿಡಿಸಿ ತೆಗೆದ. ದೊಡ್ಡ ರಕ್ತನಾಳ ಒಂದೊಂದೇ ಕಟ್ಟಿದ. ಬುಡದ ಪಟ್ಟಿ ಸಡಿಲಿಸಿ ಎಲ್ಲಿಂದ ರಕ್ತ ಒಸರುತ್ತೆ ಅಂತ ನೋಡಿ ಮತ್ತೆ ಕಟ್ಟಿದ. ಇದಕ್ಕೇ ಅರ್ಧ ಗಂಟೆ ಹಿಡಿಯಿತು, ಪಕ್ಕದಲ್ಲಿ ಹುಡುಗ "ಇನ್ನೂ ಎಷ್ಟು ಹೊತ್ತು ಸಾರ್" ಅಂತ ನನ್ನ ತೋಳು ಹಿಡಿದುಕೊಂಡೇ ಇದ್ದ. ಹೊಲಿಗೆ ಎರಡು ಪದರ, ಎಲ್ಲ ಬಿಡಿ ಬಿಡಿ ಹೊಲಿಗೆ. ಸುತ್ತಲೂ ಒಂದೇ ದಾರ ಓಡಿಸಿದರೆ ಚೀಲದ ಬಾಯಿಗೆ ದಾರ ಎಳೆದ ಹಾಗೆ ಬಾಯಿ ಕಿರಿದಾಗುತ್ತೆ, ಯಾವ ಕಾಯಿಲೆಗೆ ಕೊಯ್ದೆವೋ ಅದೇ ಮತ್ತೆ. ಕೊನೆಗೆ ತುದಿಗೆ ಒಂದು ತೆಳು ರಬ್ಬರ್ ಕೊಳವೆ ಹೊಲಿದ, ಗಂಜಲ ಹೊಲಿಗೆಗೆ ತಾಗದೆ ನೇರ ಹೊರಗೆ ಹೋಗಲಿ ಅಂತ.

ಡುಬ್ಬದ ದನಗಳಿಗೆ ಇನ್ನೊಂದು ವಿಧಾನವೂ ಇದೆ. ಒಳಗೆ ಪ್ಲಾಸ್ಟಿಕ್ ಉಂಗುರ ಇಟ್ಟು, ಅದರ ಸುತ್ತ ತೊಗಲನ್ನು ಬಿಗಿಯಾಗಿ ಹೊಲಿದುಬಿಟ್ಟರೆ ರಕ್ತ ಸಿಗದ ಮುಂದಿನ ಭಾಗ ತಾನೇ ಒಣಗಿ ಉಂಗುರದ ಸಮೇತ ಬಿದ್ದು ಹೋಗುತ್ತೆ. ಕೆಲಸ ಬೇಗ ಆಗುತ್ತೆ, ರಕ್ತ ಕಡಿಮೆ. ಆದರೆ ಎಷ್ಟು ತೊಗಲು ಹೋಗುತ್ತೆ ಅನ್ನುವುದರ ಮೇಲೆ ಅಷ್ಟು ಹಿಡಿತ ಇರಲ್ಲ ಅನ್ನುವುದು ನನ್ನ ಅಭಿಪ್ರಾಯ. ಬೇಕಾದಷ್ಟು ಸಡಿಲ ಇರುವ ಹೋರಿಗೆ ಸರಿ. ಸುಟ್ಟ ಕೈಯವನು ನಾನು, ನನಗೆ ಕಣ್ಣಿಂದ ನೋಡಿ ಕತ್ತರಿಸುವುದೇ ಸಮಾಧಾನ.

ಆಪರೇಷನ್ ಅಲ್ಲಿಗೆ ಮುಗಿಯಿತು, ಮನಸ್ಸಿನ ಕೆಲಸ ಶುರುವಾಯಿತು. ವಾಪಸ್ ಬರುವಾಗ ಹುಡುಗ ಕೇಳಿದ, "ಸಾರ್, ಇನ್ನು ಬ್ರೀಡಿಂಗ್‌ಗೆ ಬಿಡಬಹುದಲ್ವಾ?" ಎರಡು ತಿಂಗಳು ಬೆದೆ ಹಸುವಿನ ವಾಸನೆಯೂ ಬರಬಾರದು ಅಂತ ಹೇಳಿದೆ. ಅದು ಸುಲಭದ ಉತ್ತರ. ಅವನು ಕೇಳಿದ್ದಕ್ಕೆ ಉತ್ತರ ಅದಲ್ಲ ಅಂತ ನನಗೂ ಗೊತ್ತಿತ್ತು.

ಮುಂದೊಗಲಿನ ಜೋಲು ತಂದೆಯಿಂದ ಮಗನಿಗೆ ಹೋಗುತ್ತೆ. ಒಂದು ಹೋರಿಯ ಗಾಯ ಸರಿಮಾಡಿ ಬಿಟ್ಟರೆ ಅದರ ನೂರು ಮಕ್ಕಳಿಗೆ ಅದೇ ಜೋಲು ಹಂಚಿದಂತೆ ಆಗಲ್ವಾ? ಅಮೆರಿಕದ ಪಶುವೈದ್ಯರ ಸಂಘ ಇದಕ್ಕೆ ನೇರವಾಗಿ ನಿಯಮವನ್ನೇ ಬರೆದಿಟ್ಟಿದೆ. ವಂಶದ ದೋಷ ಮುಚ್ಚಿಡಲು ಆಪರೇಷನ್ ಮಾಡುವುದು ತಪ್ಪು, ಪ್ರಾಣಿಯ ಆರೋಗ್ಯಕ್ಕಾಗಿ ಮಾಡಲೇಬೇಕಾದರೆ ಅದಕ್ಕೆ ಮರಿ ಆಗದ ಹಾಗೂ ಮಾಡಿ ಅನ್ನುತ್ತೆ. ಆ ನಿಯಮ ಓದಿದಾಗ ಸರಿ ಅನ್ನಿಸುತ್ತೆ. ಕೊಟ್ಟಿಗೆಯಲ್ಲಿ ನಿಂತಾಗ ಅಷ್ಟು ಸಲೀಸಲ್ಲ. ಗೀರ್ ತಳಿಗೆ ಸ್ವಲ್ಪ ಜೋಲು ಸಹಜ, ಅದೇ ದೋಷ ಅಂದರೆ ತಳಿಯನ್ನೇ ಬಿಡಬೇಕಾಗುತ್ತೆ. ಈ ಹೋರಿಗೆ ಗಾಯ ಮಾಡಿದ್ದು ಲಂಟಾನ ಕೂಳೆ. ಆದರೆ ಅದೇ ಬೇಲಿ ದಾಟಿದ ಪಕ್ಕದ ಹೊಲದ ಹಳ್ಳಿಕಾರ್ ಹೋರಿಗೆ ಏನೂ ಆಗಲಿಲ್ಲವಲ್ಲ! ವೀರ್ಯ ಕೇಂದ್ರಕ್ಕೆ ಹೋಗುವ ಹೋರಿಯಾಗಿದ್ದರೆ ನಾನು ಎರಡು ಮಾತಾಡದೆ ಬೇಡ ಅನ್ನುತ್ತಿದ್ದೆ. ಅಲ್ಲಿ ಒಂದು ಹೋರಿಯ ವೀರ್ಯ ಕಾಲು ಮಿಲಿಲೀಟರ್ ಕಡ್ಡಿಗಳಲ್ಲಿ ಸಾವಿರಾರು ಮನೆಗೆ ಹೋಗುತ್ತೆ. ಇದು ಎಂಟು ಹಸುವಿನ ತೋಟ.

ಕೊನೆಗೆ ಹೀಗೆ ಹೇಳಿದೆ. ನಿನ್ನ ಹಸುಗಳಿಗೆ ಬಿಡು. ಹೊರಗಿನವರ ಹಸುವಿಗೆ ಬಿಟ್ಟು ದುಡ್ಡು ಮಾಡಬೇಡ. ಇದನ್ನು ಮಾರುವುದಾದರೆ ಆಪರೇಷನ್ ಆಗಿದೆ ಅಂತ ಹೇಳಿಯೇ ಮಾರು. ಹುಟ್ಟುವ ಗಂಡುಕರುಗಳಲ್ಲಿ ಜೋಲು ಜಾಸ್ತಿ ಇರುವುದನ್ನು ಬೀಜಕ್ಕೆ ಇಟ್ಟುಕೊಳ್ಳಬೇಡ, ಬೀಜ ಹಿಚುಕಿಸಿ ಎತ್ತು ಮಾಡು. ಹುಡುಗನ ಮುಖ ಸಪ್ಪಗಾಯಿತು. ಹೊರಗಿನ ಹಸುಗಳ ಲೆಕ್ಕ ಅವನ ತಲೆಯಲ್ಲಿ ಆಗಲೇ ಇತ್ತು ಅಂತ ಕಾಣುತ್ತೆ. ಒಂದು ವಾರ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಮೂರನೇ ದಿನಕ್ಕೆ ತುದಿಯ ಕೊಳವೆ ಕಿತ್ತು ಬಿತ್ತು ಅಂತ ಅಜ್ಜ ಅಂಗಡಿಯವನ ಫೋನಿಂದ ಹೇಳಿದರು. ಗಂಜಲ ಸರಿಯಾಗಿ ಬರುತ್ತಿದೆಯಾ ಅಂದೆ. "ಹುಂ, ಧಾರೆಯಾಗಿ ಬರ್ತದೆ, ಅಡ್ಡಡ್ಡ ಚೆಲ್ಲಲ್ಲ" ಅಂದರು. ಇಂಥ ಉತ್ತರ ಓದಿದ ಕಾಂಪೌಂಡರ್ ಕೂಡ ಕೊಡಲ್ಲ. ಐದು ದಿನ ಇಂಜೆಕ್ಷನ್, ಎರಡು ವಾರಕ್ಕೆ ಹೊಲಿಗೆ ಪರೀಕ್ಷೆ. ಮುಂದೊಗಲಿನ ಬಾಯಿಯ ಕೂದಲು ಉದ್ದವಾಗಿ ಕೆಸರು ಹಿಡಿಯುತ್ತಿತ್ತು, ಅದನ್ನು ಎರಡು ಸೆಂಟಿಮೀಟರ್ ಬಿಟ್ಟು ಕತ್ತರಿಸಿದೆ. ವೀರ್ಯ ಕೇಂದ್ರಗಳಲ್ಲೂ ಅಷ್ಟೇ ಬಿಡುತ್ತಾರೆ. ಪೂರ್ತಿ ಬೋಳಿಸಿದರೆ ಚುಚ್ಚುವ ಕೂಳೆ ಕೂದಲು ಹೊಸ ಗಾಯ ಮಾಡುತ್ತೆ. ಬೇಲಿಯ ಕೂಳೆಗಳನ್ನು ಅಜ್ಜನೇ ಬುಡಸಮೇತ ಕಿತ್ತು ಹಾಕಿದ್ದರು.

ಎಪ್ಪತ್ತೈದನೇ ದಿನ ಬೆದೆಯ ಹಸು ತಂದು ನಿಲ್ಲಿಸಿದರು. ನಾನು ಗೋದಲಿ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದೆ. ಮೂವತ್ತು ವರ್ಷದ ಹಿಂದೆಯೂ ಹೀಗೇ ಕೂತಿದ್ದೆ. ಹೋರಿ ಮೂಸಿತು, ತುಟಿ ಮೇಲಕ್ಕೆತ್ತಿತು, ಗಲ್ಲ ಹಸುವಿನ ಬೆನ್ನ ಮೇಲಿಟ್ಟಿತು. ಹಾರಿತು. ಪೂರ್ತಿ ಬಂತು, ನೇರ ಬಂತು. ಒಂದೇ ನೂಕು, ಮುಗಿಯಿತು. ಇಳಿದ ಮೇಲೆ ಎಲ್ಲ ಒಳಗೆ ಹೋಯಿತು, ಏನೂ ಜೋತು ಉಳಿಯಲಿಲ್ಲ. ಅಜ್ಜ ಕೈ ಮುಗಿದದ್ದು ನನಗಲ್ಲ, ಹೋರಿಗೆ.

ಆ ಹಸು ಗಬ್ಬ ಕಟ್ಟಿತು. ಆಮೇಲೆ ಇನ್ನು ಮೂರು. ಮೊದಲ ಗಂಡುಕರು ಹುಟ್ಟಿದ ರಾತ್ರಿ ಹನ್ನೊಂದೂವರೆಗೆ ನನ್ನ ಫೋನಿಗೆ ಫೋಟೋ ಬಂತು. ಮುಖದ್ದಲ್ಲ. ಇನ್ನೂ ಮೈ ಒಣಗದ ಕರುವನ್ನು ಎತ್ತಿ ಹಿಡಿದು, ಟಾರ್ಚ್ ಬಿಟ್ಟು ಹೊಟ್ಟೆ ಕೆಳಗೆ ತೆಗೆದದ್ದು. "ಸಾರ್, ಇದು ಜೋಲಾ, ಅಲ್ವಾ?" ಹುಟ್ಟಿದ ಕರುವಿಗೆ ಹೊಕ್ಕುಳಬಳ್ಳಿಯೇ ನೇತಾಡುತ್ತಿರುತ್ತೆ ಮಾರಾಯ, ಒಂದು ವರ್ಷ ಆಗಲಿ ಅಂತ ಬರೆದೆ. ಅವನು ತಿಂಗಳಿಗೊಂದು ಕಳಿಸುತ್ತಲೇ ಇದ್ದಾನೆ. ಮೊನ್ನೆ ಬಂದದ್ದು ಎಂಟನೆಯದು, ಪಕ್ಕದಲ್ಲಿ ಅಜ್ಜ ಸ್ಕೇಲ್ ಹಿಡಿದು ನಿಂತಿದ್ದಾರೆ.